ದೀಪದ ಮೂತಿಯಲ್ಲಿ ನಿಂತ ನೀರು

ಆಷಾಢದ ನಡುವೆ ಮಲೆನಾಡಿನ ಮನೆಗಳಲ್ಲಿ ಸಂಜೆ ದೇವರ ದೀಪ ಹಚ್ಚುವುದೇ ಒಂದು ಕೆಲಸ. ಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಕಿಡಿ ಹಾರುವುದಿಲ್ಲ. ಹೇಗೋ ಹತ್ತಿಕೊಂಡ ಬತ್ತಿ ಚಟಚಟ ಸಿಡಿದು, ನೀಲಿಯಾಗಿ ಕುಗ್ಗಿ, ಒಂದೆಳೆ ಹೊಗೆ ಬಿಟ್ಟು ಶಾಂತವಾಗಿಬಿಡುತ್ತದೆ. ಬೇರೆ ದಿನವಾದರೆ ಇನ್ನೊಂದು ಬತ್ತಿ ಹಾಕಿ ಮುಂದಿನ ಕೆಲಸ ನೋಡಿಕೊಳ್ಳುತ್ತಾರೆ. ಆದರೆ ಮನೆಯವರೊಬ್ಬರನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕರೆದುಕೊಂಡು ಹೋಗಿ, ಇತ್ತ ಕರೆಂಟಿಲ್ಲದೆ ಎರಡು ದಿನವಾಗಿ, ಮೊಬೈಲಿನ ಚಾರ್ಜೂ ಮುಗಿದಿರುವ ಸಂಜೆ ಹೀಗಾದರೆ? ದೇವರ ಕೋಣೆಯಲ್ಲಿ ನಿಂತವರ ಎದೆ ಧಸಕ್ಕೆನ್ನುತ್ತದೆ. ಬಾಯಲ್ಲಿ ಹೇಳದಿದ್ದರೂ ಮನಸ್ಸು 'ಅಪಶಕುನ' ಅಂದುಬಿಟ್ಟಿರುತ್ತದೆ.

ಹಾಗಾಗಿ ಮೊದಲು ದೀಪದ ವಿಷಯವನ್ನೇ ಹೇಳಿಬಿಡಬೇಕು.

ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಬೋರಲು ಹಾಕುತ್ತೇವೆ. ಬೇಸಿಗೆಯಲ್ಲಿ ಕಾಲು ಗಂಟೆಗೆ ಒಣಗುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಇಟ್ಟರೂ ಎರಡು ಕಡೆ ನೀರು ಉಳಿದೇ ಇರುತ್ತದೆ: ಬತ್ತಿ ಕೂರುವ ಮೂತಿಯ ಸಂದಿಯಲ್ಲಿ, ಮತ್ತು ತಟ್ಟೆಯನ್ನು ಕಂಬಕ್ಕೆ ತಿರುಗಿಸಿ ಕೂರಿಸುವ ತಿರುಪಿನೊಳಗೆ. ಮೇಲಿಂದ ಎಣ್ಣೆ ಹೊಯ್ದಾಗ ನೀರು ಅಡಿಯಲ್ಲೇ ನಿಲ್ಲುತ್ತದೆ. ಬತ್ತಿಯ ತುದಿಯೂ ಅಲ್ಲೇ ಬಿದ್ದಿರುವುದರಿಂದ ಎಣ್ಣೆಗಿಂತ ಮೊದಲು ನೀರನ್ನೇ ಹೀರುತ್ತದೆ. ಆ ನೀರು ಉರಿಯ ಹತ್ತಿರ ಬಂದು ಆವಿಯಾಗುವ ಸದ್ದೇ ಆ ಚಟಚಟ. ಶಕುನವೂ ಅಲ್ಲ, ದೇವರ ಮುನಿಸೂ ಅಲ್ಲ. ತಟ್ಟೆಯನ್ನು ಬಿಚ್ಚಿ, ಹಳೇ ಪಂಚೆಯ ಚೂರಿನ ಮೂಲೆಯನ್ನು ಹುರಿ ಮಾಡಿ ಮೂತಿಗೆ ತೂರಿಸಿ ಒರೆಸಿ. ಅರ್ಧ ಗಂಟೆ ಒಲೆಯ ಕಟ್ಟೆಯ ಮೇಲೆ ಬೆಚ್ಚಗಿಟ್ಟು, ತಣಿದ ಮೇಲೆ ಎಣ್ಣೆ ಹಾಕಿ.

ಬತ್ತಿಯದ್ದೂ ಅದೇ ಕಥೆ. ಹತ್ತಿ ಗಾಳಿಯಲ್ಲಿರುವ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಮಳೆ ಹಿಡಿಯುವ ಮೊದಲೇ, ವೈಶಾಖದ ಬಿಸಿಲಿರುವಾಗ ಹತ್ತಿಯನ್ನು ಒಣಗಿಸಿ, ಎರಡೆರಡು ಎಳೆ ಸೇರಿಸಿ ಹೊಸೆದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿಡುವುದು ಒಳ್ಳೆಯದು. ಒಂದು ಹಿಡಿ ಅಕ್ಕಿಯನ್ನು ಕೆಂಪಗೆ ಹುರಿದು, ತಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ಡಬ್ಬಿಯಲ್ಲಿ ಹಾಕಿದರೆ ತೇವವನ್ನು ಅದು ಎಳೆದುಕೊಳ್ಳುತ್ತದೆ. ಬೆಂಕಿಪೊಟ್ಟಣವನ್ನೂ ಅಲ್ಲೇ ಇಡಿ. ಕರ್ಪೂರದ ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕುವ ರೂಢಿ ನಮ್ಮಲ್ಲಿದೆ. ಆದರೆ ಮುಚ್ಚಳ ಸಡಿಲವಿದ್ದರೆ ಮೆಣಸು ಹಾಕಿಯೂ ಕರ್ಪೂರ ಉಳಿಯುವುದಿಲ್ಲ. ಬತ್ತಿಯನ್ನು ಹಚ್ಚುವ ಹತ್ತು ನಿಮಿಷ ಮೊದಲೇ ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಒಂದು ಭತ್ತದ ಕಾಳಿನಷ್ಟು ಮಾತ್ರ ಹೊರಗೆ ಚಾಚಬೇಕು. ಹೆಚ್ಚು ಚಾಚಿದರೆ ಕಾಡಿಗೆ, ಕಡಿಮೆಯಾದರೆ ಎಣ್ಣೆಯಲ್ಲೇ ಮುಳುಗಿ ಆರುತ್ತದೆ. ಎರಡು ಚಮಚ ಎಣ್ಣೆ ಸಣ್ಣ ಬತ್ತಿಗೆ ಒಂದು ಗಂಟೆಗಾದರೂ ಸಾಕು. ಪುಷ್ಯದ ಚಳಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. 24 ಡಿಗ್ರಿಗಿಂತ ಕೆಳಗೆ ಅದು ನಿಲ್ಲುವುದೇ ಹಾಗೆ. ಚಳಿಯ ಎರಡು ತಿಂಗಳು ಎಳ್ಳೆಣ್ಣೆಗೆ ಬದಲಾಯಿಸಿಕೊಂಡರೆ ತೊಂದರೆಯಿಲ್ಲ.

ದೇವರ ಸನ್ನಿಧಿ, ಕಷ್ಟಕಾಲ ಎಂದೆಲ್ಲ ಹೇಳಬೇಕಾದಲ್ಲಿ ಬತ್ತಿ ಎಣ್ಣೆಯ ಮಾತು ಯಾಕೆ ಅನ್ನಿಸಬಹುದು. ಕಷ್ಟ ಬಂದ ರಾತ್ರಿ ತಲೆ ಕೆಲಸ ಮಾಡುವುದಿಲ್ಲ, ಕೈ ಮಾತ್ರ ಮಾಡುತ್ತದೆ. ದಿನವೂ ಮಾಡಿದ ಕೈಗೆ ಬತ್ತಿಯ ಡಬ್ಬಿ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಿರುತ್ತದೆ. ದೀಪ ಹಚ್ಚಿ ಮಣೆಯ ಮೇಲೆ ಕೂತ ಮೇಲೆ, ಆವರೆಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಳು ತಾನಾಗಿ ಹೊರಬರುತ್ತದೆ. ದಿನವೂ ಮಾಡದವರಿಗೆ ಆಶ್ರಯ ಸಿಗುವುದಿಲ್ಲ ಅಂತಲ್ಲ. ಸಂಕಟ ಬಂದಾಗ ವೆಂಕಟರಮಣ ಅನ್ನುವ ಗಾದೆಯನ್ನು ನಾವು ಹೀಯಾಳಿಸಲು ಬಳಸುತ್ತೇವೆ, ಅದು ಸರಿಯಲ್ಲ. ಸಂಕಟ ಬಂದಾಗಲಾದರೂ ಅವನ ಹೆಸರು ಬಾಯಿಗೆ ಬಂತಲ್ಲ, ಅದೂ ಒಂದು ಬಂಧವೇ. ದಾರಿ ಸವೆದಿದ್ದರೆ ಹೋಗುವುದು ಸುಲಭ, ಅಷ್ಟೆ. ತೋಟಕ್ಕೆ ಹೋಗುವ ಕಾಲುದಾರಿಯಲ್ಲಿ ಒಂದು ಮಳೆಗಾಲ ಓಡಾಡದಿದ್ದರೆ ಅದರ ಗತಿ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಆಶ್ರಯ ಬೇಡಿ ಹೋಗುವುದಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ, ಮೊರೆ ಹೋಗುವುದು ಮತ್ತು ಮರೆ ಹೊಗುವುದು. ಮೊರೆ ಅಂದರೆ ಕೂಗು, ಅಳಲು. ಮರೆ ಅಂದರೆ ಮಳೆಗೆ ಅಡ್ಡ ನಿಲ್ಲುವ ಮರದ ಬುಡದಂಥದ್ದು. ಎರಡನೆಯದರ ಅರ್ಥ ನಮ್ಮ ಶಿವಮೊಗ್ಗ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮ ತಮಿಳು ನಾಡಿನ ಜಿಂಜಿ ಕೋಟೆಯ ಕಡೆಗೆ ತಪ್ಪಿಸಿಕೊಂಡು ಹೋಗುತ್ತ ಕೆಳದಿಯ ಸೀಮೆಗೆ ಬಂದ. ಬಿದನೂರಿನಿಂದ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ, ಆಳುತ್ತಿದ್ದ ರಾಣಿ ಚೆನ್ನಮ್ಮ ಅವನಿಗೆ ಮರೆ ಕೊಟ್ಟು ಮುಂದಕ್ಕೆ ದಾಟಿಸಿದಳು. ಅದಕ್ಕಾಗಿ ಮೊಗಲರ ದಂಡು ಅವಳ ಮೇಲೇ ಏರಿ ಬಂತು. ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಮರೆ ಬೇಡಿದವನ ಹತ್ತಿರ ಕೊಡಲು ಏನೂ ಇರಲಿಲ್ಲ, ಬೆನ್ನ ಹಿಂದೆ ಬರುತ್ತಿದ್ದ ಅಪಾಯವೊಂದೇ ಇತ್ತು. ಮರೆ ಕೊಟ್ಟವಳು ಆ ಅಪಾಯವನ್ನು ತನ್ನ ಮೈಮೇಲೆ ಎಳೆದುಕೊಂಡಳು. ದೇವರ ಮುಂದೆ ಬರಿಗೈಯಲ್ಲಿ ಹೋಗಲು ಸಂಕೋಚ ಪಡುವವರು, 'ಇಷ್ಟು ದಿನ ಪೂಜೆ ಮಾಡಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ' ಅನ್ನುವವರು ಇದನ್ನು ನೆನೆಸಿಕೊಳ್ಳಬಹುದು. ಮನುಷ್ಯಳೊಬ್ಬಳು ಇಷ್ಟು ಮಾಡಿದ್ದಾಳೆ.

ಇನ್ನು ಕೂರುವ ಕ್ರಮ. ಇಪ್ಪತ್ತು ನಿಮಿಷ ಸಾಕು. ಹೊತ್ತು ಮುಳುಗುವ ಸಮಯ, ದಿನವೂ ಒಂದೇ ಜಾಗ. ಮಳೆಗಾಲದಲ್ಲಿ ನೆಲ ಬೆವರುವುದರಿಂದ ಬರೀ ಚಾಪೆ ಸಾಲದು. ಮರದ ಮಣೆಯ ಮೇಲೆ ನಾಲ್ಕು ಮಡಿಕೆ ಕಂಬಳಿ ಹಾಕಿಕೊಳ್ಳಿ. ಥಂಡಿ ಮೊಣಕಾಲಿಗೆ ಹತ್ತಿದರೆ ಮನಸ್ಸು ದೇವರಲ್ಲಿ ನಿಲ್ಲುವುದಿಲ್ಲ, ಕಾಲಲ್ಲೇ ಇರುತ್ತದೆ. ಮೊಬೈಲು ಆಚೆ ಕೋಣೆಯಲ್ಲಿರಲಿ. ಮೊದಲ ಮೂರು ನಾಲ್ಕು ನಿಮಿಷ ಏನೂ ಹೇಳದೆ ದೀಪ ನೋಡುತ್ತ ಕೂರಿ.

ಆಮೇಲೆ ನಾಮ. ನಮಃ ಶಿವಾಯ ಆಗಲಿ, ರಾಮನಾಮ ಆಗಲಿ, ಮನೆದೇವರ ಹೆಸರಾಗಲಿ, ಒಂದನ್ನೇ ಹಿಡಿದುಕೊಳ್ಳಬೇಕು. ಜಪಮಾಲೆಯಲ್ಲಿ 108 ಮಣಿ, ಜೊತೆಗೊಂದು ಮೇರು, ಅಂದರೆ ಸುತ್ತಿನ ಗುರುತಿಗಿರುವ ತುದಿಯ ಮಣಿ. ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಮಣಿ ಸರಿಸಬೇಕು, ತೋರುಬೆರಳು ತಾಗಿಸುವುದಿಲ್ಲ. ಮೇರುವನ್ನು ದಾಟದೆ ಅಲ್ಲಿಂದ ಹಿಂದಕ್ಕೆ ತಿರುಗಬೇಕು. ಉಸಿರಿನ ಜೊತೆ ಸಾವಕಾಶ ಹೇಳಿದರೆ ಒಂದು ಸುತ್ತಿಗೆ ಐದಾರು ನಿಮಿಷ ಹಿಡಿಯುತ್ತದೆ. ಎರಡೇ ನಿಮಿಷಕ್ಕೆ ಮುಗಿದರೆ ನಾಮ ಎಲ್ಲೋ ನುಂಗಿಹೋಗಿದೆ, ಲೆಕ್ಕ ಮಾತ್ರ ಉಳಿದಿದೆ ಎಂದು ತಿಳಿಯಬೇಕು. ನಿದ್ದೆ ಬಂದರೆ ಬಾಯಿ ಬಿಟ್ಟು ಹೇಳಿ. ಮನಸ್ಸು ಅಡಿಕೆ ರೇಟಿಗೋ ಬ್ಯಾಂಕಿನ ಸಾಲಕ್ಕೋ ಹೋದರೆ ಬೇಸರ ಮಾಡಿಕೊಳ್ಳದೆ, ಎಲ್ಲಿ ಬಿಟ್ಟಿತ್ತೋ ಆ ಮಣಿಯಿಂದಲೇ ಮುಂದುವರಿಸಿ.

ಲಿಂಗವಂತರ ಮನೆಗಳಲ್ಲಿ ಇದು ಇನ್ನೂ ಹತ್ತಿರದ ಸಂಗತಿ, ದೇವರು ಅಂಗೈಯಲ್ಲೇ ಇರುತ್ತಾನೆ. ಎಡಗೈ ಮೇಲೆ ಇಷ್ಟಲಿಂಗವಿಟ್ಟು ಕಣ್ಣಿನ ಎದುರಿಗೆ ಹಿಡಿದಾಗ ದೀಪದ ಬೆಳಕು ಅದರ ಕರಿ ಮೈಮೇಲೆ ಒಂದು ಚುಕ್ಕೆಯಾಗಿ ಬೀಳಬೇಕು. ದೃಷ್ಟಿ ನಿಲ್ಲುವುದು ಆ ಚುಕ್ಕೆಯಲ್ಲಿ. ಕೈ ನಡುಗಿದರೆ ಚುಕ್ಕೆಯೂ ನಡುಗುತ್ತದೆ. ಹೆದರಿಕೆಯಲ್ಲಿರುವ ಕೈ ನಡುಗದೇ ಇರುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟುಕೊಂಡು ಉಸಿರನ್ನು ಉದ್ದ ಬಿಡುತ್ತ ಹೋದರೆ ಕೆಲವು ನಿಮಿಷಕ್ಕೆ ಚುಕ್ಕೆ ನಿಲ್ಲುತ್ತದೆ, ಅದು ನಿಂತದ್ದನ್ನು ಕಂಡು ಮನಸ್ಸೂ ನಿಲ್ಲುತ್ತದೆ.

ನಾಮವಾದ ಮೇಲೆ ಕಷ್ಟ ಹೇಳಿಕೊಳ್ಳುವುದು. ಹೆಚ್ಚಿನವರು ಎಡವುವುದು ಇಲ್ಲಿ. 'ಎಲ್ಲರಿಗೂ ಒಳ್ಳೇದು ಮಾಡಪ್ಪ' ಎಂದು ಕೈಮುಗಿದು ಎದ್ದುಬಿಡುತ್ತಾರೆ. ಒಳ್ಳೆಯ ಮಾತೇ, ಆದರೆ ಅದರ ಹಿಂದೆ ನಮ್ಮ ಹೆದರಿಕೆ ಅಡಗಿ ಕೂತುಬಿಡುತ್ತದೆ. ಮನೆಯಲ್ಲಿ ಆಡುವ ಮಾತಿನಲ್ಲೇ, ಹೆಸರು ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: 'ಅಪ್ಪನ ಕಿಡ್ನಿ ರಿಪೋರ್ಟು ನಾಳೆ ಬರತ್ತೆ, ನಂಗೆ ಹೆದರಿಕೆ ಆಗ್ತಿದೆ.' ಅಷ್ಟೇ. ಸಿಟ್ಟು ಬಂದಿದ್ದರೆ ಸಿಟ್ಟನ್ನೂ ಹೇಳಬಹುದು. ದೇವರನ್ನು ಬೈದು ಹಾಡುವುದಕ್ಕೆ ನಿಂದಾಸ್ತುತಿ ಎಂದು ಹೆಸರಿಟ್ಟು ಕೂಡಿಸಿಕೊಂಡ ಪರಂಪರೆ ನಮ್ಮದು. ಹೇಳಿಯಾದ ಮೇಲೆ ಐದು ನಿಮಿಷ ಸುಮ್ಮನಿರುವುದನ್ನು ಮರೆಯಬಾರದು. ಬಂಧುಗಳ ಮನೆಗೆ ಹೋಗಿ ನಮ್ಮ ಗೋಳು ಹೇಳಿ ಅವರು ಬಾಯಿ ತೆರೆಯುವ ಮೊದಲೇ ಎದ್ದು ಬರುತ್ತೇವೆಯೇ?

ಸುಮ್ಮನೆ ಕೂತಾಗ ಏನೂ ಆಗದಿರಬಹುದು. ತಿಂಗಳುಗಟ್ಟಲೆ ಏನೂ ಅನ್ನಿಸದಿರಬಹುದು. ಹಂಬಲವಿದೆ, ಆದರೆ ಅತ್ತ ಕಡೆಯಿಂದ ಸದ್ದೇ ಇಲ್ಲ. ಇದನ್ನು ಭಕ್ತಿ ಕಡಿಮೆಯಾದ ಲಕ್ಷಣವೆಂದು ಹಲವರು ಕೊರಗುತ್ತಾರೆ. ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯನ್ನು ನೋಡಿ. 12ನೇ ಶತಮಾನದ ಆ ಹೆಣ್ಣುಮಗಳು ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನೆಲ್ಲ ನಿಲ್ಲಿಸಿ ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದಳು. ಕೈಯಲ್ಲಿ ಸಿಕ್ಕಿದ್ದರೆ ಹೀಗೆ ಹುಡುಕುತ್ತಿರಲಿಲ್ಲ. ಕಾಣದೆ ಇರುವ ಸಂಕಟವೇ ಅವಳ ಭಕ್ತಿಯ ಮೈ. ಕ್ರೈಸ್ತರು ಓದುವ ಕೀರ್ತನೆಗಳಲ್ಲಿ 42ನೆಯದು ನೀರಿನ ತೊರೆಗಾಗಿ ಬಾಯಾರಿದ ಜಿಂಕೆಯಿಂದ ಶುರುವಾಗುತ್ತದೆ. ನಿನ್ನ ದೇವರು ಎಲ್ಲಿ ಎಂದು ಜನ ದಿನವಿಡೀ ಕೇಳುತ್ತಾರೆ, ಕಣ್ಣೀರೇ ನನಗೆ ಹಗಲಿರುಳು ಊಟವಾಯಿತು ಎನ್ನುತ್ತಾನೆ ಅದನ್ನು ಹಾಡಿದವನು. ಜೋರು ಬೇಸಿಗೆಯಲ್ಲಿ ಕಾಡಿನ ಹಳ್ಳ ಬತ್ತಿ ಜಿಂಕೆಗಳು ಕೆರೆ ಹುಡುಕಿ ಬರುವುದನ್ನು ಕಂಡವರಿಗೆ ಇದು ದೂರದ ಮಾತಲ್ಲ.

ಅಕ್ಕನ ಇನ್ನೊಂದು ವಚನದಲ್ಲಿ ಕಷ್ಟದಲ್ಲಿರುವವರಿಗೆ ತೀರ ಉಪಯೋಗದ ಕ್ರಮವಿದೆ. ಹಸಿವಾದರೆ ಊರಲ್ಲಿ ಭಿಕ್ಷೆಯಿದೆ, ಬಾಯಾರಿದರೆ ಕೆರೆ ಬಾವಿಗಳಿವೆ, ಮಲಗಲು ಪಾಳು ದೇಗುಲಗಳಿವೆ, ಆತ್ಮದ ಜೊತೆಗೆ ನೀನಿದ್ದೀಯ ಎನ್ನುತ್ತಾಳೆ. ಊಟ, ನೀರು, ನಿದ್ದೆ ಮೊದಲು ಬಂದಿವೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎರಡು ದಿನದಿಂದ ಏನೂ ತಿನ್ನದೆ ಹರಕೆಯೆಂದು ಉಪವಾಸ ಮಾಡುವವರಿಗೆ ಇದನ್ನು ಕೈಹಿಡಿದು ಹೇಳಬೇಕು. ಗಂಜಿಯಾದರೂ ಕುಡಿಯಿರಿ, ಒಂದು ಗಂಟೆ ಕಣ್ಣು ಮುಚ್ಚಿರಿ, ಆಮೇಲೆ ಜಪ. ಬದುಕೇ ಬೇಡ ಅನ್ನಿಸುವಷ್ಟು ಕತ್ತಲೆ ಕವಿದಿದ್ದರೆ ದೇವರಿಗೂ ಹೇಳಿ, ಮನೆಯವರಿಗೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಮಾಲೆ ಇರುವುದಿಲ್ಲ, ದೀಪವಂತೂ ಇಲ್ಲ. ಅಲ್ಲಿಗೆ ಕರಮಾಲೆ. ಬಲಗೈ ಉಂಗುರಬೆರಳಿನ ನಡುಗೆಣ್ಣಿನಿಂದ ಶುರು ಮಾಡಿ, ಅದರ ಬುಡ, ಕಿರುಬೆರಳಿನ ಬುಡ, ನಡು, ತುದಿ, ಅಲ್ಲಿಂದ ಉಂಗುರಬೆರಳಿನ ತುದಿ, ನಡುಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಹೆಬ್ಬೆರಳು ಹೀಗೆ ಒಂದು ಸುತ್ತು ಬಂದರೆ ಹತ್ತು. ನಡುಬೆರಳಿನ ಕೆಳಗಿನ ಎರಡು ಗೆಣ್ಣುಗಳೇ ಮೇರು, ಅವನ್ನು ಮುಟ್ಟುವುದಿಲ್ಲ. ಎಡಗೈಯಲ್ಲಿ ಹತ್ತರ ಲೆಕ್ಕ ಇಟ್ಟು, ಹತ್ತು ಸುತ್ತಿನ ಮೇಲೆ ಎಂಟು ಸೇರಿಸಿದರೆ ನೂರೆಂಟು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಎದೆ ಹೊಡೆದುಕೊಳ್ಳುವಾಗ ಬರೀ ನಾಮ ಜಾರಿಹೋಗುತ್ತದೆ. ಬೆರಳಿಗೆ ಒಂದು ಕೆಲಸವಿದ್ದರೆ ನಾಮವೂ ಅದರ ಜೊತೆ ನಿಲ್ಲುತ್ತದೆ.

ಹರಕೆಯ ಬಗ್ಗೆ ಎರಡು ಮಾತು. ಒಂದು ನಾಣ್ಯ ತೊಳೆದು, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಮುಂದೆ ಮುಡಿಪು ಇಡುತ್ತೇವೆ. ಹೆದರಿಕೆಯಲ್ಲಿ ನಾಲಗೆ ದೊಡ್ಡದಾಗುತ್ತದೆ, ಅಲ್ಲೇ ತಪ್ಪಾಗುವುದು. ತೀರಿಸಲಾಗದ್ದನ್ನು ಹೊರುತ್ತಾರೆ, ಇಲ್ಲವೇ ಇನ್ನೊಬ್ಬರ ಮೈಮೇಲೆ ಹೊರಿಸುತ್ತಾರೆ: ಮಗ ಗುಣವಾದರೆ ಮಗನೇ ನಡೆದು ಬರುತ್ತಾನೆ ಎಂದು. ಬೇಗ ಆಗಲೆಂದು ನಾಲ್ಕು ದೇವರಿಗೆ ಹೇಳಿಕೊಳ್ಳುವವರೂ ಇದ್ದಾರೆ. ವರ್ಷಗಳ ಮೇಲೆ ಯಾವುದು ತೀರಿತು ಯಾವುದು ಉಳಿಯಿತು ಎಂದು ಮರೆತು, ಮುಂದಿನ ಪ್ರತಿ ಕಷ್ಟಕ್ಕೂ ಆ ಮರೆತ ಹರಕೆಯೇ ಕಾರಣವೆಂದು ನಡುಗುತ್ತಾರೆ. ಹರಕೆ ಹೊತ್ತ ದಿನವೇ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮರೆತದ್ದಕ್ಕೆ ತಪ್ಪುಕಾಣಿಕೆ ಹಾಕುವ ದಾರಿ ಹಿರಿಯರೇ ಇಟ್ಟಿದ್ದಾರೆ, ಹಾಕಿ ಹಗುರಾಗಬಹುದು. ದೇವರ ಮೇಲಿಟ್ಟ ಹೂ ಯಾವ ಕಡೆ ಬೀಳುತ್ತದೆಂದು ನೋಡಿ ಹೂಪ್ರಸಾದ ಕೇಳುವಾಗಲೂ ಹಾಗೆಯೇ, ಬಲಗಡೆ ಬೀಳುವ ತನಕ ಮತ್ತೆ ಮತ್ತೆ ಕೇಳುವುದು ಕೇಳಿದಂತಲ್ಲ. ಶರಾವತಿ ಹಿನ್ನೀರಿನಾಚೆಯ ಸಿಗಂದೂರಿನ ಚೌಡೇಶ್ವರಿ ಗುಡಿಗೆ ಹೋಗಲು ಮೊದಲು ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈಯಿಂದ ಅಂಬಾರಗೊಡ್ಲು–ಕಳಸವಳ್ಳಿ ನಡುವೆ ಎರಡೂವರೆ ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆಯಿರುವ ಸೇತುವೆ ಆಗಿದೆ. ಹರಕೆ ತೀರಿಸಲು ಹೋಗಿಬರುವುದು ಸುಲಭವಾಯಿತು, ಸಂತೋಷ. ರಾತ್ರಿ ಎರಡು ಗಂಟೆಗೆ ಎದ್ದು ಕೂತಾಗ ಬೇಕಾಗುವುದು ಮಾತ್ರ ಮನೆಯ ಮಣೆಯೇ.

ಒಬ್ಬರೇ ಕೂರಲಾಗದ ದಿನಗಳಿಗೆ ಭಜನೆ ಇದೆ. ಶನಿವಾರ ಊರಿನ ಭಜನಾ ಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಬಾಯಿ ಬಾರದಿದ್ದರೆ ತಾಳ ಹಾಕಿದರೂ ಸಾಕು. ಉಳಿದವರ ದನಿ ಹೊತ್ತುಕೊಂಡು ಹೋಗುತ್ತದೆ.

ಹಂಬಲವನ್ನು ಉಳಿಸಿಕೊಳ್ಳುವ ಕ್ರಮವನ್ನು ಬಚ್ಚಲ ಒಲೆಯಲ್ಲಿ ನೋಡಬಹುದು. ಬೂದಿ ಮುಚ್ಚಿದ ಕೆಂಡ ಅಂದರೆ ಪತ್ರಿಕೆಯವರಿಗೆ ಊರಿನ ಜಗಳ. ಮನೆಯವರಿಗೆ ಅದು ನಾಳೆಯ ಬಿಸಿನೀರು. ರಾತ್ರಿ ಒಂದು ದಪ್ಪ ಸೌದೆ ಕುಂಟೆಯ ಕೆಂಡವಾದ ತುದಿಯನ್ನು ಒಲೆಯ ಒಳಮೂಲೆಗೆ ದೂಡಿ, ಮೇಲೆ ಬೂದಿ ಎಳೆಯುತ್ತಾರೆ. ತೆಳ್ಳಗೆ ಎಳೆದರೆ ಉರಿದು ಮುಗಿಯುತ್ತದೆ, ತೀರ ಒತ್ತಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ ಬೂದಿ ಸರಿಸಿ, ಒಂದು ಹಿಡಿ ಒಣ ಅಡಿಕೆ ಸಿಪ್ಪೆ ಇಟ್ಟು ಊದಿದರೆ ಹತ್ತಿಕೊಳ್ಳುತ್ತದೆ. ಏನೂ ಅನ್ನಿಸದ ತಿಂಗಳುಗಳಲ್ಲಿ ದಿನದ ಆ ಇಪ್ಪತ್ತು ನಿಮಿಷ ಮಾಡುವುದು ಬೂದಿ ಎಳೆಯುವ ಕೆಲಸವನ್ನೇ. ಉರಿ ಕಾಣುವುದಿಲ್ಲ, ಕಾವು ಇರುತ್ತದೆ.

ಕೊನೆಗೆ ಸೂತಕ. ಮನೆಯಲ್ಲಿ ಸಾವಾದಾಗ ದೇವರ ಕೋಣೆಯ ಬಾಗಿಲು ಮುಚ್ಚುವ ಪದ್ಧತಿ ಹಲವು ಮನೆಗಳಲ್ಲಿದೆ. ದೇವರು ಎಲ್ಲಕ್ಕಿಂತ ಹೆಚ್ಚು ಬೇಕಾದ ಹತ್ತು ಹನ್ನೊಂದು ದಿನ ಅವನ ಮುಂದೆ ಹೋಗುವಂತಿಲ್ಲ ಎಂದು ಜನ ಒಳಗೊಳಗೇ ಒದ್ದಾಡುತ್ತಾರೆ. ಶರಣರು ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಐದು ಸೂತಕಗಳನ್ನೂ ಒಪ್ಪಲಿಲ್ಲ. ಆಚರಿಸುವ ಮನೆಗಳಲ್ಲೂ ನಿಲ್ಲುವುದು ಪೂಜೆ ಮಾತ್ರ, ಮನಸ್ಸಿನೊಳಗಿನ ಸ್ಮರಣೆಗೆ ಸೂತಕವಿಲ್ಲ. ಕರಮಾಲೆ ಇಲ್ಲೂ ನಡೆಯುತ್ತದೆ. ತೀರಿಕೊಂಡವರನ್ನು ಮಲಗಿಸಿದ್ದ ಜಾಗದಲ್ಲಿ ಹಚ್ಚಿಡುವ ದೀಪ ಇರುತ್ತದಲ್ಲ, ರಾತ್ರಿ ಅದಕ್ಕೆ ಎಣ್ಣೆ ಹಾಕಲು ಎದ್ದವರು ಅದರ ಮುಂದೆಯೇ ಸ್ವಲ್ಪ ಹೊತ್ತು ಕೂರಬಹುದು. ಯಾರೂ ಬೇಡ ಅನ್ನುವುದಿಲ್ಲ.

ಶುದ್ಧವಾದ ದಿನ ದೇವರ ಕೋಣೆ ತೆರೆದು, ಕಿಲುಬು ಹಿಡಿದ ದೀಪಗಳನ್ನೆಲ್ಲ ಬಾವಿಕಟ್ಟೆಗೆ ತಂದು ತೊಳೆಯುತ್ತಾರೆ. ಕೈ ಅವಸರದಲ್ಲಿರುತ್ತದೆ, ನೆಂಟರು ತುಂಬಿರುತ್ತಾರೆ, ಅಡುಗೆಗೆ ಹೊತ್ತಾಗಿರುತ್ತದೆ. ಆವತ್ತು ತಟ್ಟೆಯನ್ನು ಬಿಚ್ಚಿ ತಿರುಪಿನೊಳಗೆ ಒರೆಸುವುದನ್ನು ಮರೆಯಬೇಡಿ, ಮೂತಿಗೆ ಬಟ್ಟೆಯ ಹುರಿ ತೂರಿಸಿ ಎರಡು ಸಲ ತಿರುಗಿಸಿ. ಅಷ್ಟು ದಿನದ ಮೇಲೆ ಹಚ್ಚುವ ಮೊದಲ ದೀಪದ ಮುಂದೆ ಮನೆಮಂದಿಯೆಲ್ಲ ನಿಂತಿರುತ್ತಾರೆ, ಅದು ಸಿಡಿಯಬಾರದು.